ಮಸುಕು ಅತಿಥಿ

ಧೂಮಕೇತುವೆಂದರೆ ಆಕಾಶದುದ್ದಕ್ಕೂ ಬಾಲ ಬೀಸಿ ಅರಸರನ್ನು ನಡುಗಿಸುವಂಥದೆಂದು ನಮ್ಮಲ್ಲನೇಕರ ಎಣಿಕೆ. ಬಹುಪಾಲು ಧೂಮಕೇತುಗಳು ಬರಿಗಣ್ಣಿಗೆ ಬೀಳುವುದೇ ಇಲ್ಲ. 1949ರ ಜುಲೈ 2ರಂದು, ಅಮೆರಿಕದ ಹಾರ್ವರ್ಡಿನಲ್ಲಿ ಓದುತ್ತಿದ್ದ ವೈನು ಬಪ್ಪು ಅವರಿಗೆ ಛಾಯಾಚಿತ್ರದ ಫಲಕದಲ್ಲಿ ಅಂಥದೊಂದು ಮಸುಕು ಕಲೆ ಕಂಡಿತು.

ಕಂಡರೆ ಸಾಲದು. ನಕ್ಷತ್ರಗಳ ನಡುವೆ ಅದು ಎಷ್ಟು ಸರಿಯಿತೆಂದು ಬೇರೆ ಬೇರೆ ರಾತ್ರಿ ಅಳೆಯಬೇಕು. ಕಡಮೆಯೆಂದರೆ ಮೂರು ಸ್ಥಾನ ಸಿಕ್ಕರೆ ಪಥದ ಲೆಕ್ಕ ಕೈಹತ್ತುತ್ತದೆ. ನೆರೆಯ ನಕ್ಷತ್ರಗಳಿಗೆ ಹೋಲಿಸಿ ಹೊಳಪನ್ನೂ ಗುರುತುಹಾಕಬೇಕು. ನಡುವೆ ಮೋಡ ಕವಿಯಿತೋ, ಅತಿಥಿ ಕೈತಪ್ಪಿ ಹೋಗಬಹುದು! ಇದು ತಪ್ಪಲಿಲ್ಲ. ಬಪ್ಪು, ಬೋಕ್, ನ್ಯೂಕರ್ಕ್ ಮೂವರ ಹೆಸರೂ ಅದಕ್ಕೆ ನಿಂತಿತು. ಒಂದು ಸುತ್ತಿಗೆ ಸುಮಾರು 60,000 ವರ್ಷವೆಂದು ಲೆಕ್ಕ ಹೇಳಿತು.

ಬಪ್ಪು ಅವರ ಮನೆತನ ಇದೇ ಕೇರಳದ ಕಣ್ಣೂರು ಕಡೆಯದು. ತಂದೆಗೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ನೌಕರಿ. ಹುಡುಗ ಬೆಳೆದದ್ದು ಪರವೂರಿನಲ್ಲಿ, ನಮ್ಮ ಮಕ್ಕಳ ಹಾಗೆಯೇ. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಅವರೇ ಮೊದಲ ನಿರ್ದೇಶಕರು. ನಾವು ಇಲ್ಲಿಗೆ ಬಂದೆವು, ಇಲ್ಲಿಯವರು ಅಲ್ಲಿಗೆ ಹೋದರು, ಜಮಾಖರ್ಚು ಸರಿಹೋಯಿತೆನ್ನೋಣ.

ಎರ್ನಾಕುಲಮಿನಲ್ಲಿ ಜುಲೈ ತಿಂಗಳೆಂದರೆ ಮಳೆ. ಡಿಸೆಂಬರಿನಲ್ಲಿ ಮಕ್ಕಳನ್ನು ಬೀದಿದೀಪದಿಂದ ದೂರ ಕರೆದೊಯ್ದು, ದುರ್ಬೀನಿನಲ್ಲಿ ಮಹಾವ್ಯಾಧನ ಖಡ್ಗದ ಮಸುಕು ಮಚ್ಚೆಯನ್ನು ತೋರಿಸಿರಿ. ಅದು ನೀಹಾರಿಕೆ, ಮರುದಿನವೂ ಅದೇ ನಕ್ಷತ್ರಗಳ ನಡುವೆ ಇರುತ್ತದೆ. ಧೂಮಕೇತುವಾದರೆ ಸರಿದಿರುತ್ತದೆ.