ಬೊಜ್ಜು ಕರಗಿಸಿದವರಿಗೆ ಮಾತ್ರ ಪಡಿತರವೇ?

ಬೀದರ ನಗರದಲ್ಲಿ ಬೆಳಗಿನ ನಡಿಗೆಗೆ ಹೊರಡುವ ಸುಶಿಕ್ಷಿತರ ಬಾಯಲ್ಲಿ ಈಚೆಗೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಪುಕ್ಕಟೆ ಅಕ್ಕಿ ಉಂಡು, ಪುಕ್ಕಟೆ ಬಸ್ಸಿನಲ್ಲಿ ತಿರುಗಾಡಿ ಜನ ಮೈ ಬೆಳೆಸುತ್ತಿದ್ದಾರಂತೆ. ಆದ್ದರಿಂದ ಬೊಜ್ಜು ಬಂದವರು ವ್ಯಾಯಾಮ ಮಾಡಿದರೆ ಮಾತ್ರ ಸರ್ಕಾರದ ಸವಲತ್ತು ಕೊಡಬೇಕಂತೆ. ವಿನೋದಕ್ಕೆ ಆಡಿದ ಮಾತಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಹೇಳುವವರು ಗಂಭೀರವಾಗಿಯೇ ಹೇಳುತ್ತಿದ್ದಾರೆ. ಆದ್ದರಿಂದ ಉತ್ತರವನ್ನೂ ಗಂಭೀರವಾಗಿಯೇ ಕೊಡಬೇಕಾಗಿದೆ.

ಈ ವಿಚಾರ ನಮ್ಮವರ ಸ್ವಂತದ್ದೇನೂ ಅಲ್ಲ. 2013ರ ಜನವರಿಯಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನಗರಾಡಳಿತ ಸಿದ್ಧಪಡಿಸಿದ ವರದಿಯೊಂದು, ವೈದ್ಯರು ಸೂಚಿಸಿದ ವ್ಯಾಯಾಮ ಮಾಡದ ಸ್ಥೂಲಕಾಯರ ಮನೆ ಬಾಡಿಗೆ ನೆರವನ್ನು ಕಡಿತಗೊಳಿಸಬಹುದೆಂದೂ, ವ್ಯಾಯಾಮಶಾಲೆಗೆ ಹೋದ ಲೆಕ್ಕವನ್ನು ಸ್ಮಾರ್ಟ್ ಕಾರ್ಡಿನಲ್ಲಿ ಇಡಬಹುದೆಂದೂ ಸೂಚಿಸಿತ್ತು. 2015ರಲ್ಲಿ ಅಂದಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಇದೇ ಜಾಡಿನ ಪರಿಶೀಲನೆಗೆ ಆದೇಶಿಸಿದರು. ಅದನ್ನು ನಡೆಸಿದ ವೈದ್ಯೆ ಕ್ಯಾರಲ್ ಬ್ಲ್ಯಾಕ್ ಅವರ 2016ರ ವರದಿ, ಚಿಕಿತ್ಸೆಯನ್ನು ಸವಲತ್ತಿನ ಷರತ್ತಾಗಿಸುವುದನ್ನು ಬೆಂಬಲಿಸಲಿಲ್ಲ. ಆಂಗ್ಲರೇ ಕೈಬಿಟ್ಟದ್ದನ್ನು ನಾವು ತಲೆಯ ಮೇಲೆ ಹೊತ್ತುಕೊಳ್ಳಬೇಕೆ?

ಅವರದೇ ಇನ್ನೂ ಹಳೆಯ ಪ್ರಯೋಗವೊಂದು ನಮ್ಮ ದಕ್ಷಿಣ ಭಾರತದ ಮೇಲೆ ನಡೆದಿದೆ. 1876-78ರ ಮಹಾಕ್ಷಾಮದಲ್ಲಿ ಹಸಿದವರಿಗೆ ಸುಮ್ಮನೆ ಕೂಳು ಹಾಕಿದರೆ ಸೋಮಾರಿಗಳಾಗುತ್ತಾರೆಂದು ಕಲ್ಲೊಡೆಯುವ, ಮಣ್ಣು ಹೊರುವ ಕೆಲಸಕ್ಕೆ ಹಚ್ಚಿದರು. ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡ್, ಎಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಸಾಕೆಂದು ನಿಗದಿಮಾಡಿದ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಅದನ್ನು ಕಟುವಾಗಿ ವಿರೋಧಿಸಿದರು. ಲಕ್ಷಾಂತರ ಜನ ಸತ್ತರು. ಮೈ ದಣಿಸಿ ತೋರಿಸು, ಆಮೇಲೆ ಅನ್ನ ಕೊಡುತ್ತೇನೆ ಎಂಬ ಮಾತಿಗೆ ನಮ್ಮಲ್ಲಿ ಇಂಥದೊಂದು ಇತಿಹಾಸವಿದೆ ಎಂಬುದನ್ನು ನಡಿಗೆಯ ಗೆಳೆಯರು ಮರೆಯಬಾರದು.

ಇನ್ನು ಬೊಜ್ಜು ಯಾರಿಗಿದೆ? 2019ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಶೇ. 30ರಷ್ಟು ಜನ ಅಧಿಕ ತೂಕದವರು; ಅದೇ ಸಮೀಕ್ಷೆಯಲ್ಲಿ ಶೇ. 17ರಷ್ಟು ಮಹಿಳೆಯರು ಇರಬೇಕಾದ ತೂಕವೂ ಇಲ್ಲದವರು. ಅಧಿಕ ತೂಕವು ಹಳ್ಳಿಗಿಂತ ಪಟ್ಟಣದಲ್ಲಿ, ಬಡವರಿಗಿಂತ ಉಳ್ಳವರಲ್ಲಿ ಹೆಚ್ಚು. ಔರಾದ ತಾಲೂಕಿನ ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರನ್ನೊಮ್ಮೆ ನೋಡಿ ಬನ್ನಿ. ಸೋಯಾಬೀನ್ ರಾಶಿಗೆ, ತೊಗರಿ ಕೊಯ್ಲಿಗೆ ಹೋಗಿ ಬಗ್ಗಿದ ಬೆನ್ನು ನೇರವಾಗದವರು ಅವರು. ಅವರಿಗೆ ಯಾವ ವ್ಯಾಯಾಮ ಕಲಿಸುತ್ತೀರಿ?

ಅವರಲ್ಲೂ ಮೈ ಬಂದವರಿಲ್ಲವೆಂದು ನಾನು ವಾದಿಸಲಾರೆ. ಆದರೆ ಅದಕ್ಕೆ ಕಾರಣ ಸೋಮಾರಿತನವೇ? ನಮ್ಮ ಭಾಗದ ಊಟ ಜೋಳದ ರೊಟ್ಟಿ, ಬೇಳೆ, ಪುಂಡಿ ಪಲ್ಯ. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದಿತು. ಹಸಿವು ನೀಗಿಸಿದ ಆ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ; ಆದರೆ ಚೀಲದಲ್ಲಿ ಬಂದದ್ದು ಬಹುಮಟ್ಟಿಗೆ ಪಾಲಿಶ್ ಮಾಡಿದ ಬಿಳಿ ಅಕ್ಕಿ. ಇತ್ತ ಹೊಲದಲ್ಲಿ ಸೋಯಾಬೀನ್ ಬಂದು ಜೋಳ ಹಿಂದೆ ಸರಿಯಿತು. 2025ರ ಫೆಬ್ರವರಿಯಲ್ಲಿ ಪ್ರಧಾನಿಗಳು ‘ಮನ್ ಕೀ ಬಾತ್’ನಲ್ಲಿ ಅಡುಗೆ ಎಣ್ಣೆಯನ್ನು ಶೇ. 10ರಷ್ಟು ಕಡಿಮೆಮಾಡಿರೆಂದರು. ಅದೇ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟವು 5 ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ಒಪ್ಪಿತು. ಬೇಳೆ ಸರಿಯೇ. ಆದರೆ ಸಕ್ಕರೆಯನ್ನು ತಾನೇ ಅಳೆದುಕೊಟ್ಟು, ಆಮೇಲೆ ಉಂಡವರ ಸೊಂಟ ಅಳೆಯಲು ಯಾವ ಸರ್ಕಾರಕ್ಕೆ ಮುಖವಿದೆ? ಥೈರಾಯ್ಡ್ ತೊಂದರೆಯಿಂದ, ಔಷಧಿಯಿಂದ, ಹೆರಿಗೆಯ ನಂತರ ಮೈ ಬಂದವರ ಗತಿಯೇನು?

ಜಾರಿಯ ಮಾತು ಬೇರೆಯೇ ಇದೆ. ಈಗಾಗಲೇ ಪಡಿತರಕ್ಕೆ ಹೆಬ್ಬೆಟ್ಟು ಕೊಡಬೇಕು. ಕೂಲಿ ಮಾಡಿ ಬೆರಳ ಗೆರೆ ಸವೆದ ಮುದುಕಿಯನ್ನು ಯಂತ್ರ ಗುರುತಿಸುವುದಿಲ್ಲ. ಅದರ ಮೇಲೆ ತೂಕದ ಯಂತ್ರ, ವ್ಯಾಯಾಮದ ಹಾಜರಿ ಪುಸ್ತಕ, ವೈದ್ಯರ ಪ್ರಮಾಣಪತ್ರ! ಆ ಪತ್ರಕ್ಕೆ ಎಷ್ಟು ಕೈ ಬಿಸಿ ಮಾಡಬೇಕಾದೀತು ಎಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ.

2018ರಲ್ಲಿ ರಾಜ್ಯ ಮೀಸಲು ಪೊಲೀಸ್ ಪಡೆಯಲ್ಲಿ, ತೂಕ ಇಳಿಸದಿದ್ದರೆ ಅಮಾನತು ಎಂಬ ಸೂಚನೆ ಹೊರಟಿತ್ತಲ್ಲ ಎಂದು ಒಬ್ಬರು ನೆನಪಿಸಿದರು. ಹೌದು, ಓಡಬೇಕಾದ ಪೊಲೀಸನಿಗೆ ಓಡುವ ಮೈಕಟ್ಟು ಬೇಕು. ಅದು ಅವನ ವೃತ್ತಿಯ ಅರ್ಹತೆ, ಅದಕ್ಕೆ ಮೈದಾನವುಂಟು, ತರಬೇತುದಾರರುಂಟು, ಸಂಬಳವುಂಟು. ಅನ್ನಕ್ಕೆ ಅರ್ಹತೆ ಹಸಿವೊಂದೇ.

ಸರ್ಕಾರದ ಹಣ ಉಣ್ಣುವವರು ಬಡವರಷ್ಟೇ ಅಲ್ಲ. ನಾನೂ ಪಿಂಚಣಿದಾರ. ವರ್ಷಕ್ಕೊಮ್ಮೆ ಬದುಕಿದ್ದೇನೆಂದು ಜೀವಿತ ಪ್ರಮಾಣಪತ್ರ ಕೊಟ್ಟರೆ ಸಾಕು, ತೆಳ್ಳಗಿದ್ದೇನೆಂದು ಯಾರೂ ಕೇಳುವುದಿಲ್ಲ. ನಡಿಗೆಯ ಗೆಳೆಯರಲ್ಲಿ ಹಲವರು ನನ್ನಂತೆಯೇ ನಿವೃತ್ತರು. ಶಾಸಕರ ಭತ್ಯೆಗೆ ಹೊಟ್ಟೆಯ ಸುತ್ತಳತೆಯ ಷರತ್ತು ಹಾಕೋಣವೆಂದು ಇವರಲ್ಲಿ ಒಬ್ಬರೂ ಇದುವರೆಗೆ ಬಾಯಿ ಬಿಟ್ಟಿಲ್ಲ!

ವ್ಯಾಯಾಮ ಬೇಡವೆನ್ನುವ ಮೂರ್ಖತನ ನನ್ನದಲ್ಲ. ಆದರೆ ಅದರ ಅನುಕೂಲ ಎಲ್ಲಿದೆ? ಹತ್ತನೆಯ ತರಗತಿಗೆ ಬಂದೊಡನೆ ಆಟದ ಅವಧಿಯನ್ನು ಗಣಿತವೋ ವಿಜ್ಞಾನವೋ ನುಂಗುತ್ತದೆ. ಮೈ ನೆರೆದ ಹೆಣ್ಣುಮಕ್ಕಳು ಮೈದಾನದ ಅಂಚಿಗೆ ಸರಿದು ಕೂರುತ್ತಾರೆ. 2006-07ರಲ್ಲಿ ಆರಂಭವಾದ ಎಂಟನೆಯ ತರಗತಿಯ ಸೈಕಲ್ ಯೋಜನೆ, ಹಳ್ಳಿಯ ಹುಡುಗಿಯರನ್ನು ಯಾವ ಷರತ್ತೂ ಇಲ್ಲದೆ ನಿತ್ಯ ಮೈಲಿಗಟ್ಟಲೆ ಪೆಡಲ್ ತುಳಿಸಿತು. ಕೋವಿಡ್ ಕಾಲದಲ್ಲಿ ಅದೂ ನಿಂತುಹೋಯಿತು. ಭಾಲ್ಕಿಯ ಓಣಿಯಲ್ಲಿ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಕೆಲಸವಿಲ್ಲದೆ ಬರೀ ನಡೆಯಲೆಂದು ನಸುಕಿನಲ್ಲಿ ಹೊರಟರೆ, ಎಲ್ಲಿಗೆ ಹೊರಟೆಯವ್ವಾ ಎಂದು ಹತ್ತು ಜನ ಕೇಳುತ್ತಾರೆ. ದೀಪವಿಲ್ಲದ ಬೀದಿ, ಬೆನ್ನಟ್ಟುವ ನಾಯಿಗಳು ಬೇರೆ. ಷರತ್ತಿನ ಮಾತಾಡುವವರು ನಾಳೆ ಪುರಸಭೆಗೆ ಒಂದು ಅರ್ಜಿ ಬರೆಯಲಿ: ಓಣಿಗೆ ದೀಪ, ಹೆಂಗಸರಿಗೆ ನಡೆಯಲೊಂದು ಜಾಗ, ಶಾಲೆಗೊಬ್ಬ ದೈಹಿಕ ಶಿಕ್ಷಕ. ನನ್ನ ಸಹಿಯನ್ನು ಮೊದಲು ಹಾಕುತ್ತೇನೆ.