ದೇವರು ಕೊಟ್ಟರೂ ಪೂಜಾರಿ ಕೊಡ

ಮೊನ್ನೆ ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಂಪ್ಯೂಟರ್ ಮುಂದೆ ಕೂತವನು ಎದ್ದದ್ದು ಸಂಜೆ ಆರಕ್ಕೆ. ಕೆಲಸ ಇಷ್ಟೇ. ಅಪ್ಪ ಊರಿಂದ ನನಗೆ ಬರೀತಿದ್ದ ಏರ್‌ಮೇಲ್ ಪತ್ರಗಳನ್ನು ಸ್ಕ್ಯಾನ್ ಮಾಡೋದು. ಶಾಯಿ ಮಸುಕಾಗ್ತಿದೆ. "ಪೂರ್ತಿ ಅಳಿಸಿ ಹೋಗೋ ಮೊದಲು ನಂಗೂ ಒಂದು ಕಾಪಿ ಕಳಿಸೋ" ಅಂತ ಅಕ್ಕ ಆರು ತಿಂಗಳಿಂದ ಹೇಳ್ತಾನೇ ಇದಾಳೆ.

ಅಮೆರಿಕಕ್ಕೆ ಬಂದ ಹೊಸದರಲ್ಲಿ, ೨೦೦೩ರಲ್ಲಿ ಕೊಂಡ ಸ್ಕ್ಯಾನರ್ ಒಂದು ಗ್ಯಾರೇಜಿನಲ್ಲಿತ್ತು. ಡಬ್ಬದ ಮೇಲೆ 'ವಿಂಡೋಸ್ ಎಕ್ಸ್‌ಪಿ' ಅಂತ ಬರೆದಿತ್ತು. ಈಗಿನ ವಿಂಡೋಸ್ ೧೧ಕ್ಕೆ ಸಿಕ್ಕಿಸಿದರೆ ಅದು ಗುರುತೇ ಇಲ್ಲದ ನೆಂಟರ ಹಾಗೆ ಮುಖ ತಿರುಗಿಸಿತು. ಹಳೇ ಡ್ರೈವರ್ ೩೨-ಬಿಟ್‌ನದು, ೬೪-ಬಿಟ್ ವಿಂಡೋಸ್ ಅದನ್ನು ಒಳಗೆ ಬಿಟ್ಟುಕೊಳ್ಳಲ್ಲ. ತಯಾರಿಸಿದ ಕಂಪನಿ ಹೊಸ ಡ್ರೈವರ್ ಬರೆಯಲಿಲ್ಲ. ಗಾಜಿಗೆ ಒಂದು ಗೀರಿಲ್ಲ, ಪ್ಲಗ್ ಹಾಕಿದರೆ ದೀಪ ಹತ್ತುತ್ತೆ, ಆದರೂ ಕಸದ ಬುಟ್ಟಿಗೆ ಹಾಕಬೇಕಂತೆ!

ಹಳೇ ಲ್ಯಾಪ್‌ಟಾಪಿನಲ್ಲಿದ್ದ ಲಿನಕ್ಸಿಗೆ ಸಿಕ್ಕಿಸಿ ನೋಡೋಣ ಅನ್ನಿಸಿತು. ಅಲ್ಲಿ 'ಸೇನ್' ಅಂತ ಒಂದು ತಂತ್ರಾಂಶ ಇದೆ, ಸ್ಕ್ಯಾನರ್‌ಗಳಿಗಾಗಿಯೇ ಇರುವಂಥದ್ದು. 'ಎಲ್ಎಸ್‌ಯುಎಸ್‌ಬಿ' ಕಮ್ಯಾಂಡ್ ಕೊಟ್ಟರೆ ಸ್ಕ್ಯಾನರಿನ ಗುರುತಿನ ಸಂಖ್ಯೆ ಸಿಗುತ್ತೆ. ಸೇನ್‌ನವರ ಪಟ್ಟಿಯಲ್ಲಿ ಹುಡುಕಿದೆ, ಇತ್ತು! ಆದರೆ ಒಂದು ತೊಡಕು. ಈ ಸ್ಕ್ಯಾನರಿಗೆ ಕರೆಂಟು ಕೊಟ್ಟಾಗಲೆಲ್ಲ ಕಂಪ್ಯೂಟರಿನಿಂದ ಫರ್ಮ್‌ವೇರ್ ಅನ್ನೋ ಫೈಲನ್ನು ಉಣಿಸಬೇಕು. ಅದರ ಹಕ್ಕು ಕಂಪನಿಯದು, ಹಾಗಾಗಿ ಸೇನ್‌ನವರು ಹಂಚೋ ಹಾಗಿಲ್ಲ. ಅವರವರ ವಿಂಡೋಸ್ ಸಿಡಿಯಿಂದ ಅವರವರೇ ತೆಗೆದುಕೊಳ್ಳಬೇಕು. ಮದುವೆ ಸಿಡಿಗಳ ಅಡಿಯಲ್ಲಿ ಅದೂ ಸಿಕ್ಕಿತು ಅನ್ನಿ. ಆ ಫೈಲನ್ನು ಸರಿಯಾದ ಫೋಲ್ಡರಿಗೆ ಹಾಕಿದ ಮೇಲೆ ಸ್ಕ್ಯಾನರ್ ಗರ್ ಅಂತು. ಪರದೆ ಮೇಲೆ ಅಪ್ಪನ ಅಕ್ಷರ ಸಾಲುಸಾಲಾಗಿ ಇಳಿದು ಬಂತು.

ಈಗ ನನ್ನ ತಕರಾರು. ಇಪ್ಪತ್ತು ವರ್ಷದ ಹಿಂದಿನ ಸಾಮಾನಿಗೆ ಕಂಪನಿ ಇವತ್ತೂ ಡ್ರೈವರ್ ಬರೀತಾ ಕೂರಲಿ ಅಂತ ನಾನು ಹೇಳಲ್ಲ. ಅವರಿಗೂ ಸಂಬಳ ಕೊಡೋದಿರುತ್ತೆ. ಆದರೆ ಕೈ ಬಿಡೋ ದಿನ, ಯಂತ್ರದ ಜೊತೆ ಮಾತಾಡೋ ಭಾಷೆ ಹೇಗಿದೆ ಅಂತ ನಾಲ್ಕು ಹಾಳೆ ಪ್ರಕಟಿಸಿದರೆ ಏನು ನಷ್ಟ? ಆ ಫೈಲನ್ನು ಹಂಚೋಕೆ ಒಂದು ಅನುಮತಿ ಕೊಟ್ಟರೆ ಗಂಟೇನು ಹೋಗುತ್ತೆ? ದುಡ್ಡು ಕೊಟ್ಟವನು ನಾನು, ಬೀಗದ ಕೈ ಮಾತ್ರ ಅವರ ಹತ್ತಿರ. ೧೯೮೦ರ ಆಸುಪಾಸಿನಲ್ಲಿ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್‌ಗೆ ಸಿಟ್ಟು ಬಂದದ್ದೂ ಒಂದು ಪ್ರಿಂಟರಿನ ಸೋರ್ಸ್ ಕೋಡ್ ಕೊಡಲಿಲ್ಲ ಅಂತಲೇ. ಜಗಳ ಹಳೇದು ನೋಡಿ.

ಲಿನಕ್ಸ್ ಸ್ವರ್ಗ ಅಂತ ನಾನು ಹೇಳಲಾರೆ, ನನ್ನ ಒಂದಿಡೀ ಶನಿವಾರ ತಿಂದಿದೆ. ಆದರೆ ಕಂಪನಿಯವರೇ ಮರೆತ ಯಂತ್ರವನ್ನು ನೆನಪಿಟ್ಟುಕೊಂಡವರು, ನನ್ನಿಂದ ಒಂದು ಕಾಸೂ ಪಡೆಯದ ಯಾರೋ ಪುಣ್ಯಾತ್ಮರು.

ಅಕ್ಕನಿಗೆ ಮೊದಲ ಹತ್ತು ಪತ್ರ ಕಳಿಸಿದ್ದೀನಿ. ನಿಮ್ಮ ಅಟ್ಟದ ಮೇಲೂ ಹೀಗೆ 'ಸತ್ತಿರೋ' ಸಾಮಾನು ಇದೆಯಾ? ಬಿಸಾಡೋ ಮುಂಚೆ ಒಂದು ಸಲ ಸಿಕ್ಕಿಸಿ ನೋಡಿ.