ಕಾಲುನೋವಿಗೆ ವಯಸ್ಸಿನ ನೆಪ ಬೇಡ

‘ಅರವತ್ತು ದಾಟಿದ ಮೇಲೆ ನಡೆದರೆ ಕಾಲು ಹಿಡಿಯುವುದು ಸಹಜ, ಎಣ್ಣೆ ತಿಕ್ಕಿ, ಓಡಾಟ ಕಡಿಮೆ ಮಾಡಿ’ ಎಂಬ ಸಲಹೆ ಅಪಾಯಕಾರಿ. ನಡೆದಾಗ ಮೀನಖಂಡ ಬಿಗಿದು, ನಿಂತ ಕೆಲವೇ ನಿಮಿಷಗಳಲ್ಲಿ ಸಡಿಲಗೊಳ್ಳುವ ನೋವು ಕಾಲಿನ ಧಮನಿ ಕಿರಿದಾಗಿರುವುದರ ಸೂಚನೆಯಾಗಿರಬಹುದು. ಪತ್ತೆಗೆ ಬಿಪಿ ಪಟ್ಟಿ, ಅಂಗೈಯಗಲದ ಡಾಪ್ಲರ್ ಉಪಕರಣ ಸಾಕು: ಕಣಕಾಲಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಯಿಲೆ ಇದೆ ಎಂದರ್ಥ. ಧಮನಿ ಗಡುಸಾದ ಮಧುಮೇಹಿಗಳಲ್ಲಿ ಈ ಅಂಕಿ ದಾರಿ ತಪ್ಪಿಸಬಹುದು. ಅವರಿಗೆ ಕಾಲ್ಬೆರಳಿನ ಒತ್ತಡ ನೋಡಬೇಕು.

ಓಡಾಟ ಕಡಿಮೆ ಮಾಡಿ ಎನ್ನುವುದಂತೂ ಶುದ್ಧ ತಪ್ಪು. ವೈದ್ಯರ ಸಲಹೆಯಂತೆ ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದೇ ಇಲ್ಲಿ ಚಿಕಿತ್ಸೆ. ಬೀಡಿ, ಸಿಗರೇಟು ಬಿಡಲೇಬೇಕು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತಪ್ಪಿಸಬಾರದು. ಈ ಕಾಯಿಲೆ ಇರುವವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು. ಎಣ್ಣೆ ತಿಕ್ಕುತ್ತಾ ಕೂರುವ ಕಾಯಿಲೆ ಇದಲ್ಲ.